ಒಂದೇ ವರದಿಯ ಎರಡು ಸಾಲುಗಳು

ಮುಟ್ಟಿನ ಅತಿಸ್ರಾವದ ಕಾರಣ ತಿಳಿಯಲೆಂದು ಸ್ಕ್ಯಾನಿಂಗ್ ಮಾಡಿಸಿಕೊಂಡ ನನಗೆ, ಗರ್ಭಕೋಶದ ಹಿಂಗೋಡೆಯಲ್ಲಿ 4 ಸೆಂಟಿಮೀಟರ್ ಗಾತ್ರದ ಫೈಬ್ರಾಯ್ಡ್ ಇದೆಯೆಂಬುದಕ್ಕಿಂತ, ಅದೇ ವರದಿಯ ಮೇಲ್ಭಾಗದಲ್ಲಿದ್ದ 'ಫ್ಯಾಟಿ ಲಿವರ್, ಗ್ರೇಡ್ 1' (ಯಕೃತ್ತಿನಲ್ಲಿ ಕೊಬ್ಬು, ಆರಂಭದ ಹಂತ) ಎಂಬ ಸಾಲು ಹೆಚ್ಚು ಅಚ್ಚರಿ ತಂದಿತು. ಎರಡಕ್ಕೂ ನಂಟಿದೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ.

ಫೈಬ್ರಾಯ್ಡ್ ಎಂಬುದು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಲೈಂಗಿಕ ಹಾರ್ಮೋನುಗಳು ಅದನ್ನು ಪೋಷಿಸುವುದರಿಂದಲೇ ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಬಳಕೆಯಾದ ಈಸ್ಟ್ರೋಜನ್ ಅನ್ನು ಮಾರ್ಪಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರ ಮತ್ತು ಪಿತ್ತರಸದ ಮೂಲಕ ಹೊರಹಾಕುವ ಕೆಲಸದಲ್ಲಿ ಯಕೃತ್ತಿನದೇ ದೊಡ್ಡ ಪಾಲು. ಹಾಗೆ ಕರುಳಿಗೆ ಬಂದುದರಲ್ಲಿ ಒಂದಿಷ್ಟನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಬಿಡಿಸಿ ಮತ್ತೆ ರಕ್ತಕ್ಕೆ ಸೇರುವಂತೆ ಮಾಡುವುದೂ ಉಂಟು. ಲೈಂಗಿಕ ಹಾರ್ಮೋನುಗಳನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ತಯಾರಾಗುವುದೂ ಯಕೃತ್ತಿನಲ್ಲೇ. ಅಲ್ಲಿ ಕೊಬ್ಬು ತುಂಬಿ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿ, ಬೆಳೆದಾಗ ಈ ಪ್ರೋಟೀನ್ ಕಡಿಮೆಯಾಗುತ್ತದೆ, ಬಿಡಿಯಾಗಿ ಓಡಾಡುವ ಹಾರ್ಮೋನಿನ ಪಾಲು ಏರುತ್ತದೆ. ದೇಹದ ಕೊಬ್ಬು ತಾನೂ ಈಸ್ಟ್ರೋಜನ್ ತಯಾರಿಸುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಇಷ್ಟನ್ನು ಓದಿದವರು ಲಿವರ್ ಕೆಟ್ಟದ್ದರಿಂದಲೇ ಗಡ್ಡೆ ಬಂತು ಎಂದು ತೀರ್ಮಾನಿಸುವುದು ಸುಲಭ. ನಾನೂ ಒಂದು ವಾರ ಹಾಗೆಯೇ ನಂಬಿದ್ದೆ. ಆದರೆ ಯಕೃತ್ತು ಚೆನ್ನಾಗಿರುವ, ತೂಕವೂ ಹೆಚ್ಚಿಲ್ಲದ ಎಷ್ಟೋ ಮಹಿಳೆಯರಲ್ಲಿ ಫೈಬ್ರಾಯ್ಡ್ ಇರುತ್ತದೆ. ಬೊಜ್ಜಿನಂತಹ ಒಂದೇ ಬೇರಿನಿಂದ ಎರಡೂ ಚಿಗುರಿರಬಹುದು ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುವ ಮಾತು. 'ಲಿವರ್ ಶುದ್ಧಿ'ಯ ಪುಡಿ, ಕಷಾಯಗಳು ಗಡ್ಡೆಯನ್ನು ಕರಗಿಸುತ್ತವೆ ಎಂಬುದಕ್ಕಂತೂ ಆಧಾರವಿಲ್ಲ.

ಸಂಬಂಧ ಸ್ಪಷ್ಟವಾಗಿ ಕಾಣುವುದು ತಿರುವುಮುರುವಾಗಿ, ಅಂದರೆ ಫೈಬ್ರಾಯ್ಡಿಗೆ ಕೊಡುವ ಔಷಧ ಯಕೃತ್ತಿಗೆ ಮುಳುವಾದಾಗ. ಉಲಿಪ್ರಿಸ್ಟಲ್ ಅಸಿಟೇಟ್ ಎಂಬ 5 ಮಿಲಿಗ್ರಾಂ ಮಾತ್ರೆಯನ್ನು ದಿನವೂ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾಗಿ, ಕಸಿ ಮಾಡಬೇಕಾದ ಪ್ರಸಂಗಗಳೂ ವರದಿಯಾದವು. ಯುರೋಪಿನ ಔಷಧ ನಿಯಂತ್ರಕರು 2018ರಲ್ಲಿ ಚಿಕಿತ್ಸೆಯ ಅವಧಿಯಲ್ಲಿ ಪ್ರತಿ ತಿಂಗಳು ಯಕೃತ್ತಿನ ಪರೀಕ್ಷೆ ಬೇಕೆಂದರು. 2020ರಲ್ಲಿ ಶಸ್ತ್ರಚಿಕಿತ್ಸೆ ಮೊದಲಾದವು ಹೊಂದದ ಅಥವಾ ಫಲಿಸದ, ಮುಟ್ಟು ನಿಲ್ಲದ ಮಹಿಳೆಯರಿಗಷ್ಟೇ ಅದರ ಬಳಕೆಯನ್ನು ಸೀಮಿತಗೊಳಿಸಿದರು.

"ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?" ಎಂದು ವೈದ್ಯೆ ಕೇಳಿದಾಗ, ಗಡ್ಡೆ ಕುಗ್ಗಲೆಂದು ನಾನೇ ತರಿಸಿಕೊಂಡಿದ್ದ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಡಬ್ಬಿಯನ್ನು ಸ್ವಲ್ಪ ಸಂಕೋಚದಿಂದ ಚೀಲದಿಂದ ತೆಗೆದೆ. ಅವರು ಕನ್ನಡಕ ಏರಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರು. ಆ ಸಾರದಲ್ಲಿರುವ ಇಜಿಸಿಜಿ ಎಂಬ ಅಂಶ ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಒಳಗೆ ಹೋದರೆ, ಯಕೃತ್ತಿಗೆ ಪೆಟ್ಟಾಗುತ್ತಿರುವುದರ ಸೂಚನೆಯಾಗಿ ರಕ್ತದಲ್ಲಿ ಅದರ ಕಿಣ್ವಗಳು ಏರಬಹುದೆಂದೂ, ನನ್ನ ಎರಡು ಕ್ಯಾಪ್ಸೂಲುಗಳು ಆ ಮಿತಿಯ ಹತ್ತಿರಕ್ಕೇ ಬರುತ್ತವೆಂದೂ ತಿಳಿಸಿ, ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಡಬ್ಬಿಯನ್ನು ತಮ್ಮ ಮೇಜಿನ ಮೇಲೆಯೇ ಇರಿಸಿಕೊಂಡರು.