ಪಾವಗಡದ ನೀರು, ಶಿರಸಿಯ ಬಕೆಟ್ಟು

ಜೂನ್, ಎರಡನೇ ವಾರ

ಶಿರಸಿಯಲ್ಲಿ ಮಳೆ ಜಡಿಯುತ್ತಿರುವಾಗ ಎರಡು ಕ್ಯಾನು ನೀರು ಹೊತ್ತುಕೊಂಡು ಬಸ್ಸಿಳಿದೆ. ಆಟೋದವನು "ಎಂತ ಮಾರಾಯ್ರೇ, ಜೇನುತುಪ್ಪವಾ?" ಎಂದ. ಪಾವಗಡದ ಬೋರ್‌ವೆಲ್ ನೀರು ಎಂದೆ. ಮನೆ ಬರುವವರೆಗೂ ಮತ್ತೆ ಮಾತಾಡಲಿಲ್ಲ.

ತಂಗಿ ಪಾವಗಡ ತಾಲೂಕಿನ ಹಳ್ಳಿಯೊಂದರಲ್ಲಿ ಟೀಚರ್. ಮಗಳಿಗೆ ಏಳು ವರ್ಷ. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲಿನ ಮೇಲೆ ಸೀಮೆಸುಣ್ಣ ಗೀಚಿದಂಥ ಬಿಳಿ ಮಚ್ಚೆ, ನಡುವೆ ಒಂದು ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗುವುದಲ್ಲ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಮಾಡಿದ ಕೆಲಸ ಅದು. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿದು ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಔಷಧಿ ಇಲ್ಲ, ನೀರು ಬದಲಿಸಬೇಕು ಅಷ್ಟೆ.

"ಕುದಿಸೇ ಕೊಡ್ತೇನಲ್ಲ ಅಣ್ಣ" ಅಂದಳು ತಂಗಿ. ಕುದಿಸಿದರೆ ಆವಿಯಾಗುವುದು ನೀರು ಮಾತ್ರ. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪಾಲು ಇನ್ನಷ್ಟು ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಮೂರು ತಿಂಗಳಾಯಿತಂತೆ.

ಲ್ಯಾಬ್ ರಿಪೋರ್ಟ್: ಲೀಟರಿಗೆ 3.2 ಮಿಲಿಗ್ರಾಂ ಫ್ಲೋರೈಡ್. 1ರೊಳಗೆ ಇದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ.

ಜೂನ್ ಕೊನೆ

ಫ್ಲೋರೈಡ್ ತೆಗೆಯಲು ನಲಗೊಂಡ ವಿಧಾನ ಹಿಡಿದೆ. ನಾಗಪುರದ 'ನೀರಿ' ಸಂಸ್ಥೆ ರೂಪಿಸಿದ್ದು. (ಹೆಸರು ಕನ್ನಡದವರಿಗೇ ಇಟ್ಟ ಹಾಗಿದೆ.) ನೀರಿಗೆ ಪಟಿಕ ಮತ್ತು ಸ್ವಲ್ಪ ಸುಣ್ಣ ಹಾಕಿ ಕಲಕಬೇಕು. ಅರಳೆಯಂಥ ಚೂರುಗಳು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತವೆ. ಸುಣ್ಣ ಪಟಿಕದ ಇಪ್ಪತ್ತರಲ್ಲಿ ಒಂದು ಪಾಲು ಸಾಕು.

ಮೊದಲ ಸಲ ಅಪ್ಪಯ್ಯನ ಕವಳದ ಹರಿವಾಣದಿಂದ ಸುಣ್ಣ ತೆಗೆದು ಅಂದಾಜಿಗೆ ಹಾಕಿದೆ. ಜಾಸ್ತಿಯಾಯಿತು. ನೀರು ಹಾಲಿನ ಹಾಗೆ ನಿಂತಿತು, ಅರಳೆ ಕಟ್ಟಲೇ ಇಲ್ಲ. ಅಪ್ಪಯ್ಯನ ಬೈಗುಳ ಬೇರೆ.

ಎರಡನೇ ಸಲ ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತಂದೆ. 20 ಲೀಟರಿಗೆ 8 ಗ್ರಾಂ ಪಟಿಕ, 0.4 ಗ್ರಾಂ ಸುಣ್ಣ. ಒಂದು ನಿಮಿಷ ಜೋರಾಗಿ, ಆಮೇಲೆ ಹದಿನೈದು ನಿಮಿಷ ಪಾಯಸಕ್ಕೆ ಕೈಯಾಡಿಸುವ ಹಾಗೆ ನಿಧಾನ. ಒಂದು ಗಂಟೆ ಬಿಟ್ಟು ನೋಡಿದರೆ ತಳದಲ್ಲಿ ಬೆರಳು ದಪ್ಪದ ಗಸಿ, ಮೇಲೆ ತಿಳಿ ನೀರು. ಬಕೆಟ್ಟಿಗೆ ನಲ್ಲಿಯನ್ನು ತಳದಿಂದ ಎರಡು ಇಂಚು ಮೇಲೆ ಕೂರಿಸಿದ್ದೆ, ಗಸಿ ಬರಲಿಲ್ಲ.

ಟೆಸ್ಟ್ ಕಿಟ್‌ನಲ್ಲಿ ಫ್ಲೋರೈಡ್ ಇದ್ದಷ್ಟೂ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ನನ್ನ ನೀರು ಗುಲಾಬಿಯಾಗಿಯೇ ಇತ್ತು, 0.5! ತಂಗಿಗೆ ಫೋಟೋ ಕಳಿಸಿ ಬೀಗಿದೆ.

ಜುಲೈ ಮಧ್ಯ

ಬೀಗಿದ್ದು ಸುಮ್ನೆ. ಕೆಮಿಸ್ಟ್ರಿ ಕಲಿಸುವ ಗೆಳೆಯನೊಬ್ಬ ಕಿಟ್ ನೋಡಿ ನಕ್ಕ. ನೀರಿನಲ್ಲಿ ಉಳಿದ ಪಟಿಕದ ಅಲ್ಯೂಮಿನಿಯಂ ಫ್ಲೋರೈಡಿನ ಕೈ ಹಿಡಿದುಕೊಂಡಿರುತ್ತದೆ, ಆಗ ಬಣ್ಣದ ಪರೀಕ್ಷೆ ಕಡಿಮೆ ತೋರಿಸುತ್ತದೆ. ಅದೇ ನೀರನ್ನು ಬಣ್ಣದ ಬದಲು ಎಲೆಕ್ಟ್ರೋಡ್ ಎಂಬ ಕಡ್ಡಿ ಅದ್ದಿ ಫ್ಲೋರೈಡ್ ಅಳೆಯುವ ಲ್ಯಾಬಿಗೆ ಕಳಿಸಿದೆ: 1.3. ಮಿತಿಯೊಳಗಿದೆ, ಆದರೆ ಮಗುವಿಗೆ ಕೊಡಲು ನನಗೆ ಮನಸ್ಸು ಬರುತ್ತಿಲ್ಲ. ಪಟಿಕ ಹೆಚ್ಚಿಸಿದರೆ ಅಲ್ಯೂಮಿನಿಯಂ ಹೆಚ್ಚುವ ಭಯ.

ಇನ್ನೊಂದು, ಗಸಿಯನ್ನು ಎಲ್ಲಿ ಚೆಲ್ಲುವುದು? ತೆಗೆದ ಫ್ಲೋರೈಡೆಲ್ಲ ಅದರಲ್ಲೇ ಇದೆ. ಅಕ್ಕಚ್ಚಿನ ಬಾನಿಗೆ ಸುರಿಯಲು ಹೊರಟಿದ್ದ ಆಯಿಯನ್ನು ಓಡಿ ಹೋಗಿ ತಡೆದೆ. ದನಕ್ಕೂ ಹಲ್ಲು, ಮೂಳೆ ಇದೆಯಲ್ವಾ. ಬೆಳಿಗ್ಗೆ ಶಾಲೆಗೆ ಓಡುವ ತಂಗಿ ದಿನಾ ಇಷ್ಟೆಲ್ಲ ಮಾಡುತ್ತಾಳೆಂದು ನಂಬಲು ನಾನು ತಯಾರಿಲ್ಲ.

ಆಗಸ್ಟ್

ಹಂಚಿನಿಂದ ನೀರು ಧೋ ಎಂದು ಬೀಳುವುದನ್ನು ನೋಡುತ್ತಾ ಕೂತಾಗ ತಲೆಗೆ ಹೋಯಿತು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಫ್ಲೋರೈಡ್ ಬರುವುದು ಬಂಡೆಯಿಂದ, ಬೋರ್‌ವೆಲ್ಲಿನ ಆಳದಲ್ಲಿ. ಪಾವಗಡದಲ್ಲೂ ವರ್ಷಕ್ಕೆ ಹೆಚ್ಚುಕಡಿಮೆ 500 ಮಿಲಿಮೀಟರ್ ಮಳೆ ಬೀಳುತ್ತದೆ. ತಂಗಿಯ ಮನೆ ತಾರಸಿ 60 ಚದರ ಮೀಟರ್. ಐದರಲ್ಲೊಂದು ಪಾಲು ಪೋಲಾದರೂ 24,000 ಲೀಟರ್. ಮೂವರಿಗೆ ಕುಡಿಯಲು, ಅಡುಗೆಗೆ ತಲಾ 5 ಲೀಟರ್ ಎಂದರೆ ವರ್ಷಕ್ಕೆ 5,500 ಸಾಕು. ಒಣ ತಿಂಗಳು ಆರು ಎಂದುಕೊಂಡರೂ 3,000 ಲೀಟರಿನ ಮುಚ್ಚಿದ ಟ್ಯಾಂಕು ದಾಟಿಸುತ್ತದೆ. ಸ್ನಾನ, ಬಟ್ಟೆಗೆ ಬೋರ್‌ವೆಲ್ಲೇ ಇರಲಿ.

ಬಕೆಟ್ಟನ್ನು ಎಸೆಯುವುದಿಲ್ಲ. ಟ್ಯಾಂಕು ಬರಿದಾದರೆ ಬೇಕು.

ಈಗಿನ ಸ್ಥಿತಿ: ಕಸ ತಡೆಯುವ ಜಾಳಿಗೆ ಕೊಂಡಾಯಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಮುಚ್ಚಳವಿರುವ ಪೈಪಿನ ತುಂಡು ಜೋಡಿಸಿ ಇಲ್ಲೇ ಪರೀಕ್ಷೆ ಮಾಡಿದೆ. ಶಿರಸಿ ಮಳೆಗೆ ಎರಡೇ ನಿಮಿಷದಲ್ಲಿ ತುಂಬಿತು, ಅದರಿಂದ ಪಾವಗಡದ ಲೆಕ್ಕ ಸಿಗುವುದಿಲ್ಲ. ತಾರಸಿಯಿಂದ ನೆಲಕ್ಕೆ ಪೈಪು ಎಷ್ಟು ಬೇಕೆಂದು ಕೇಳಿದ್ದೇನೆ. ತಂಗಿ ಇನ್ನೂ ಟೇಪು ಹುಡುಕುತ್ತಿದ್ದಾಳೆ.