ಏಳಕ್ಕೂ ಎಂಟಕ್ಕೂ ನಡುವಿನ ಎಂಟು ವರ್ಷ

ನೆದರ್ಲೆಂಡ್ಸ್‌ನ ಮರಿಯಾನ್ ವೋಸ್ ಎಂಟು ಬಾರಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದವರು. ಅವುಗಳಲ್ಲಿ ಏಳು ಪ್ರಶಸ್ತಿಗಳು 2014ರೊಳಗೇ ಬಂದಿದ್ದವು. ಆದರೂ ಅವರ ಸಾಧನೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಎಂಟನೆಯದರ ಬಳಿಯೇ.

ಸೈಕ್ಲೋಕ್ರಾಸ್ ಚಳಿಗಾಲದ ಆಟ. ಸುಮಾರು ಮೂರು ಕಿಲೋಮೀಟರಿನ ಸುತ್ತನ್ನು ಮತ್ತೆ ಮತ್ತೆ ಹಾಯಬೇಕು. ದಾರಿಯಲ್ಲಿ ಕೆಸರು, ಮರಳು, ಜಾರುವ ಹುಲ್ಲು, ಅಡ್ಡಹಲಗೆಗಳು. ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ತುಳಿಯಲಾಗದಷ್ಟು ಕಡಿದಾದ ಏರು ಬಂದರೆ ಸವಾರರು ವೇಗ ತಗ್ಗುವ ಮೊದಲೇ ಕೆಳಗಿಳಿದು, ಸೈಕಲ್ಲನ್ನು ಬಲಭುಜಕ್ಕೇರಿಸಿ, ತೋಳನ್ನು ಚೌಕಟ್ಟಿನಡಿಯಿಂದ ತೂರಿಸಿ ಹ್ಯಾಂಡಲನ್ನು ಎದೆಗೊತ್ತಿ ಹಿಡಿದು ಓಡುತ್ತಾರೆ. ಮೇಲೆ ತಲುಪಿದೊಡನೆ ಒಂದೇ ನೆಗೆತಕ್ಕೆ ಸೀಟಿನ ಮೇಲಿರುತ್ತಾರೆ.

ಈ ಆಟದಲ್ಲಿ ವೋಸ್ 2006ರಲ್ಲಿ, ಕೇವಲ 18ನೆಯ ವಯಸ್ಸಿನಲ್ಲಿ, ತಮ್ಮದೇ ದೇಶದ ಝೆಡ್ಡಾಮ್‌ನಲ್ಲಿ ಜರ್ಮನಿಯ ಅನುಭವಿ ಹಂಕಾ ಕುಪ್ಫರ್ನಾಗೆಲ್ ಅವರನ್ನು ಕೊನೆಯ ಸ್ಪ್ರಿಂಟ್‌ನಲ್ಲಿ ಸೋಲಿಸಿ ಮೊದಲ ಪ್ರಶಸ್ತಿ ಗೆದ್ದರು. 2009ರಿಂದ 2014ರವರೆಗೆ ಸತತ ಆರು ವರ್ಷ ಅದು ಬೇರೆ ಯಾರ ಕೈಗೂ ಹೋಗಲಿಲ್ಲ. ಇದರ ನಡುವೆಯೇ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಸುರಿಯುವ ಮಳೆಯಲ್ಲಿ, ರಸ್ತೆ ಸ್ಪರ್ಧೆಯ ಚಿನ್ನವನ್ನೂ ಗೆದ್ದರು.

ಆಮೇಲೆ ದೇಹ ಮಾತು ಕೇಳಲಿಲ್ಲ. ಗಾಯ ಮತ್ತು ಅತಿಯಾದ ಅಭ್ಯಾಸದ ಬಳಲಿಕೆ 2015ರ ಬಹುಭಾಗವನ್ನು ನುಂಗಿದವು. 2017ರಲ್ಲಿ ಲಕ್ಸೆಂಬರ್ಗ್‌ನ ಬೀಲೆಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಲ್ಜಿಯಂನ ಸನ್ನೆ ಕಾಂಟ್ ಅವರ ಹಿಂದೆ ಎರಡನೆಯವರಾದರು. ಅಷ್ಟು ಗೆದ್ದವರು ಅಲ್ಲಿಗೇ ಚಳಿಗಾಲದ ಕೆಸರಿಗೆ ವಿದಾಯ ಹೇಳಿದ್ದರೂ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವರು ಹೇಳಲಿಲ್ಲ ಎಂಬುದೇ ನನಗೆ ಆ ಏಳು ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

2022ರ ಜನವರಿಯಲ್ಲಿ, ಅಮೆರಿಕದ ಫಯೆಟ್‌ವಿಲ್‌ನಲ್ಲಿ, 34 ವರ್ಷದ ವೋಸ್ ಮತ್ತು ಹಿಂದಿನ ವರ್ಷದ ಚಾಂಪಿಯನ್ ಲುಸಿಂಡಾ ಬ್ರಾಂಡ್ ಇಬ್ಬರೇ ಮುಂದೆ ಉಳಿದರು. ಅಲ್ಲಿನ ಉದ್ದನೆಯ ಮೆಟ್ಟಿಲುಗಳನ್ನು ಪ್ರತಿ ಸುತ್ತಿನಲ್ಲೂ ಸೈಕಲ್ ಹೊತ್ತು ಹತ್ತಬೇಕಿತ್ತು. ಬ್ರಾಂಡ್ ಎಷ್ಟು ವೇಗ ಹೆಚ್ಚಿಸಿದರೂ ಅವರ ಹಿಂಚಕ್ರವನ್ನು ವೋಸ್ ಬಿಡಲಿಲ್ಲ. ಕೊನೆಯ ನೇರ ದಾರಿಯಲ್ಲಿ ಪಕ್ಕಕ್ಕೆ ಸರಿದು, ಝೆಡ್ಡಾಮ್‌ನ ಆ ಹುಡುಗಿಯಂತೆಯೇ, ಸ್ಪ್ರಿಂಟ್‌ನಲ್ಲಿ ಮುಂದೆ ದಾಟಿದರು.