ಕುಳಿತು ನೋಡುವ ಪ್ರದರ್ಶನ

ಪೀಠೋಪಕರಣದ ಮಳಿಗೆಗಳಲ್ಲಿ ನನಗೆ ಸಿಟ್ಟು ಬರಿಸುವುದು ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕ. ಕುರ್ಚಿಯನ್ನು ಬರಿಗಣ್ಣಿನಿಂದ ನೋಡಿ ಏನು ತಿಳಿಯಬೇಕು? ಮಡಿಕೇರಿ ಹತ್ತಿರದ ತೋಟವೊಂದರ ಹಳೆಯ ಕಾಫಿ ಗೋದಾಮಿನಲ್ಲಿ ಪೀಠೋಪಕರಣ ಕಂಪನಿಯೊಂದಕ್ಕೆ ಪ್ರದರ್ಶನ ರೂಪಿಸುವ ಕೆಲಸ ಬಂದಾಗ ನಾನು ಹಾಕಿದ ಷರತ್ತು ಒಂದೇ: ಬಂದವರು ಎತ್ತಬೇಕು, ಎಳೆಯಬೇಕು, ಕೂರಬೇಕು.

ಕಂಪನಿಯವರ ಆಸೆ ಬೇರೆಯೇ ಇತ್ತು. ಕೈ ಬೀಸಿದರೆ ಬಣ್ಣ ಬದಲಿಸುವ ಗೋಡೆ, ಕುಳಿತರೆ ಹಾಡುವ ಸೋಫಾ. ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟನ್ನು ನಂಬಿ ಆಟ ಕಟ್ಟುವುದುಂಟೇ! ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಮುಗಿಯಿತು. ಭಾರ, ವಾಸನೆ, ಸ್ಪರ್ಶ ಇಷ್ಟರಲ್ಲೇ ಎಲ್ಲವೂ ನಡೆಯಲಿ ಎಂದು ಹಟ ಹಿಡಿದೆ.

ಬಾಗಿಲ ಬಳಿ ನಾಲ್ಕು ಬಟ್ಟೆಚೀಲಗಳನ್ನು ಇಟ್ಟೆವು. ಒಳಗೆ ಒಂದೇ ಅಳತೆಯ ಮರದ ತುಂಡುಗಳು: ಬೀಟೆ, ತೇಗ, ಹಲಸು, ಸಿಲ್ವರ್ ಓಕ್. ನೋಡದೆ ಹೇಳಬೇಕು. ಪ್ರವಾಸಿಗರು ಮೂಸಿ ಮೂಸಿ ಸೋತರು. ತೋಟದ ಕೆಲಸದ ಹಿರಿಯ ಹೆಂಗಸೊಬ್ಬರು ಚೀಲ ಎತ್ತಿದ್ದೇ ತಡ, “ಈ ಭಾರ ಬೀಟೆಯದೇ” ಎಂದರು. ಎಣ್ಣೆ ಸವರಿದಂತೆ ಜಿಡ್ಡಾಗಿದ್ದ ತೇಗವೂ ಸಿಕ್ಕಿಬಿತ್ತು. ಸಿಲ್ವರ್ ಓಕ್ ಕೈಗೆ ಬಂದಾಗ ಮಾತ್ರ ಅವರಿಗೆ ನಗು: “ಇದರಲ್ಲಿ ದಿನಾ ನೀರು ಕಾಯಿಸುತ್ತೇನೆ, ಇದನ್ನೂ ಕೇಳಬೇಕಾ?”

ಕೊಡಗಿನ ಐನ್‌ಮನೆಗಳ, ಅಂದರೆ ಕೊಡವ ಮನೆತನಗಳ ಮೂಲಮನೆಗಳ, ಜಗಲಿಯಲ್ಲಿ ಕಂಬಗಳ ನಡುವೆ ಐಮರ ಎಂಬ ಅಗಲದ ಹಲಗೆ ಇರುತ್ತದೆ, ಕೂತು ಕೂತೇ ನುಣುಪಾದದ್ದು. ಅದನ್ನು ನೆನೆದು ಉದ್ದನೆಯ ಬೆಂಚೊಂದನ್ನು ಮಾಡಿಸಿ ನಡುವೆ ಒಂದೇ ಆಧಾರ ಕೊಟ್ಟೆ. ಮಕ್ಕಳು ಹೇಳದೆಯೇ ಹತ್ತಿದರು, ದೊಡ್ಡವರಿಗೆ ಸಂಕೋಚ. ಕೊನೆಗೆ ಒಂದು ವಯಸ್ಸಾದ ದಂಪತಿ ಕುಳಿತರು. ಯಜಮಾನರ ಕಡೆ ಬೆಂಚು ನೆಲ ಮುಟ್ಟಿತು. ಹೆಚ್ಚು ತೂಕದವರು ನಡುವಿಗೆ ಸರಿದರಷ್ಟೇ ಹಲಗೆ ಸಮನಾಗುವುದು. ಅವರು ಗೊಣಗುತ್ತಾ ಸರಿದರು. “ಮದುವೆಯಾದಂದಿನಿಂದ ನನಗೆ ಜಾಗ ಬಿಟ್ಟದ್ದು ಇದೇ ಮೊದಲು” ಎಂದು ಆಕೆ ಅಂದಾಗ ಗೋದಾಮಿನ ತಗಡು ಮಾಡಿನ ಮಳೆಯ ಸದ್ದೂ ನಗೆಯಲ್ಲಿ ಮುಳುಗಿತು.

ನನ್ನ ಮೆಚ್ಚಿನದು ಮಾತ್ರ ಡ್ರಾಯರುಗಳ ಜೋಡಿ. ಎರಡನ್ನೂ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಾಡಿಸಿದ್ದು. ಒಂದರ ಮೇಲ್ಭಾಗದಲ್ಲಿ ಸಂದು ಬಿಡಿಸಿದ್ದೆ, ಇನ್ನೊಂದನ್ನು ಬೇಕೆಂದೇ ಬಿಗಿಯಾಗಿ ಕೂರಿಸಿದ್ದೆ. ಗಾಳಿಯ ತೇವ ಹೀರಿದ ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಡ್ರಾಯರಿನ ಪಕ್ಕದ ಹಲಗೆಯಲ್ಲಿ ಎಳೆ ಮುಂದಿನಿಂದ ಹಿಂದಕ್ಕೆ ಓಡುವುದರಿಂದ ಅದು ಉಬ್ಬುವುದು ಮೇಲಕ್ಕೆ. ಮೇಲಿನ ಪಟ್ಟಿಗೆ ಒತ್ತಿಕೊಂಡು ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಗಿಲಿಗೆ ಭುಜ ಕೊಟ್ಟು ತೆರೆಯುವ ಇಲ್ಲಿಯ ಜನಕ್ಕೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. “ಬಯಲುಸೀಮೆ ಅಳತೆ” ಎಂದು ನಮ್ಮ ಆಚಾರಿಗಳು ಒಂದೇ ಮಾತಿನಲ್ಲಿ ಮುಗಿಸಿದರು.

ವಿವರಿಸಬೇಕಾಗಿ ಬಂದದ್ದು ಕಂಪನಿಯ ವ್ಯವಸ್ಥಾಪಕರಿಗೆ. ಸಾಮಾನು ಬಂದಿಳಿದ ದಿನ, ಎರಡೂ ಡ್ರಾಯರುಗಳು ಸರಾಗವಾಗಿದ್ದಾಗ, ಥಂಡಿ ತಾಗದಿರಲೆಂದು ಬೆಲೆಪಟ್ಟಿಗಳ ಕಟ್ಟನ್ನು ಅವರು ಬಿಗಿಯಾದ ಡ್ರಾಯರಿನಲ್ಲೇ ಇಟ್ಟಿದ್ದರು. ಉದ್ಘಾಟನೆಯ ಹೊತ್ತಿಗೆ ಅದು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಜನ ಅದನ್ನೂ ಆಟವೆಂದು ತಿಳಿದು ಸರದಿಯಲ್ಲಿ ನಿಂತು ಎಳೆದರು. ಆಚಾರಿಗಳು ಹಿಂದಿನ ಹಲಗೆ ಬಿಚ್ಚಿ ಪಟ್ಟಿಗಳನ್ನು ತೆಗೆಯುವಷ್ಟರಲ್ಲಿ ವ್ಯವಸ್ಥಾಪಕರು ಬಾಯಿಲೆಕ್ಕದಲ್ಲೇ ಬೆಲೆ ಹೇಳಿ ಎರಡು ಬೆಂಚುಗಳನ್ನು ಮಾರಿಬಿಟ್ಟಿದ್ದರು. ಪಟ್ಟಿ ನೋಡಿದರೆ, ಎರಡೂ ಸಲ ಕಡಿಮೆಯೇ ಹೇಳಿದ್ದರು.